ಐಸ್ ಪ್ಲಾಂಟಿನ ಗೇಟಿಗೆ ಸಿಕ್ಕಿಸಿದ ಚೀಟಿ

ಮಂಕಿ ಊರಿನ ಐಸ್ ಪ್ಲಾಂಟು ಇನ್ನೂ ನೂರು ಮಾರು ದೂರವಿತ್ತು. ಸಬ್ ಇನ್ಸ್‌ಪೆಕ್ಟರ್ ರೋಹಿಣಿಯ ಕಣ್ಣು ಆಗಲೇ ಉರಿಯತೊಡಗಿತು. ಅಮೋನಿಯಾ, ಐಸ್ ಕಟ್ಟಲು ಬಳಸುವ ವಿಷಾನಿಲ. ಮುಖವಾಡ ತೊಟ್ಟ ಅಗ್ನಿಶಾಮಕ ದಳದವನು ವಾಲ್ವ್ ಮುಚ್ಚಿ ಹೊರಬಂದ.

"ತಾನಾಗಿ ಸೋರಿದ್ದಲ್ಲ ಮೇಡಂ. ಯಾರೋ ತಿರುಗಿಸಿ ಬಿಟ್ಟಿದ್ದು."

ಗೇಟಿನಲ್ಲಿ ಒಂದು ಚೀಟಿ ಸಿಕ್ಕಿಕೊಂಡಿತ್ತು. 'ಕೇಸು ಬಿಡು. ಮುಂದಿನ ಸಲ ನಿನ್ನ ಮನೆ.'

ಪ್ಲಾಂಟಿನ ಮಾಲೀಕ ಸುಧಾಕರನನ್ನು ಹೊನ್ನಾವರದ ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಅವನನ್ನು ಹೊರಗೆಳೆದವನು ರಸ್ತೆಬದಿಯಲ್ಲಿ ಕೂತು ಕೆಮ್ಮುತ್ತಿದ್ದ. ದಿನಕರ. ಒಂದು ಕಾಲದ ಪಾಲುದಾರ, ಹನ್ನೆರಡು ವರ್ಷಗಳಿಂದ ಇದೇ ಪ್ಲಾಂಟಿಗಾಗಿ ಕೋರ್ಟಿನಲ್ಲಿ ಎದುರಾಳಿ.

"ನೀವು ಇಲ್ಲಿಗೆ ಬಂದದ್ದು ಎಂತಕ್ಕೆ?"

"ಮಾತಾಡೂಕೆ. ಇವತ್ತೂ ಕೇಸು ಮುಂದೆ ಹೋಯ್ತು. ಕೋರ್ಟಿನ ಮೆಟ್ಟಿಲಲ್ಲಿ ಅವನ ಮುಖ ನೋಡಿದೆ. ಮುದುಕನ ಹಾಗೆ ಕಂಡ. ಸಾಕು, ರಾಜಿ ಮಾಡ್ಕೊಳ್ವ ಅಂತ ಹೇಳೂಕೆ ಹಿಂದೇ ಬಂದೆ. ನಾನು ಬೈಕ್ ನಿಲ್ಲಿಸೂದರೊಳಗೆ ಅವ ಒಳಗೆ ಓಡಿದ್ದ."

ನಂಬುವುದು ಕಷ್ಟವಿತ್ತು. ರೋಹಿಣಿ ಅವನ ಪಕ್ಕ ಒಬ್ಬ ಪೇದೆಯನ್ನು ಕೂರಿಸಿದಳು.

*

ಸುಧಾಕರ ಆಮ್ಲಜನಕದ ಮಾಸ್ಕ್ ಸರಿಸಿ ಪಿಸುಗುಟ್ಟಿದ. "ದಿನಕರನೇ. ಕೊಲ್ಲೂಕೆ ಬಂದದ್ದು. ಮನೇಲಿ ಮಗಳಿದ್ದಾಳೆ. ಪೊಲೀಸ್ ಇಡಿ."

ಅವನ ಕಣ್ಣು ಬಾಗಿಲಿನಿಂದ ಕದಲಲಿಲ್ಲ. ಕಾಲ ಬಳಿ ಹೆಂಡತಿ ವೀಣಾ ಕೂತಿದ್ದಳು.

"ವಾಸನೆ ಬಂದರೂ ಒಳಗೆ ಹೋದಿರಾ?"

"ಕಾವಲಿನ ಬೊಮ್ಮ ಒಳಗಿದ್ದಾನೆ ಅಂದ್ಕೊಂಡೆ."

"ಬೀಗ ಒಡೆದಿಲ್ಲ. ಕೀಲಿ ಯಾರ ಹತ್ರ?"

"ಬೊಮ್ಮನ ಹತ್ರ ಒಂದು. ನನ್ನ ಕಿಸೆಯಲ್ಲೊಂದು."

ಹಾಗಾದರೆ ಬೊಮ್ಮನೇ?

*

ಮಧ್ಯಾಹ್ನ ಭಟ್ಕಳದ ಬಸ್ಸಿನಿಂದ ಬೊಮ್ಮ ಇಳಿದ. ಕೈಯಲ್ಲಿ ಪಂಪಿನ ಬೆಲ್ಟು. ಸುದ್ದಿ ಕೇಳಿ ರೋಹಿಣಿಯ ಹತ್ತಿರ ಓಡಿಬಂದ.

"ವೀಣಕ್ಕನೇ ಬೆಳಿಗ್ಗೆ ಇದನ್ನು ತರೂಕೆ ಕಳಿಸಿದ್ದು. ಕೀಲಿ ಅವರಿಗೇ ಕೊಟ್ಟು ಹೋದೆ."

"ಹಳೇ ಬೆಲ್ಟು ಹಾಳಾಗಿತ್ತಾ?"

"ಇಲ್ಲ. ಮಳೆಗಾಲಕ್ಕೆ ಮೀನುಗಾರಿಕೆಯೇ ಬಂದ್ ಅಲ್ಲವಾ, ಪ್ಲಾಂಟೇ ನಿಂತದೆ. ಎಂತಕ್ಕೆ ಅಂತ ನನಗೂ ಗೊತ್ತಾಗ್ಲಿಲ್ಲ."

ರೋಹಿಣಿ ಸುಧಾಕರನ ಫೋನು ತರಿಸಿಕೊಂಡಳು.

*

ಆಸ್ಪತ್ರೆಯ ಮೊಗಸಾಲೆಯಲ್ಲಿ ವೀಣಾಳನ್ನು ಕೂರಿಸಿ ರೋಹಿಣಿ ಮೆಲ್ಲಗೆ ಹೇಳಿದಳು.

"ಕೊಲ್ಲಲು ಬಂದವರು 'ಮುಂದಿನ ಸಲ' ಅಂತ ಚೀಟಿ ಬರೆದಿಡುವುದಿಲ್ಲ. ಕಾವಲಿನವನನ್ನೂ ಮೊದಲೇ ದೂರ ಕಳಿಸಲಾಗಿದೆ. ಇದನ್ನು ಮಾಡಿದವರಿಗೆ ಯಾರಿಗೂ ನೋವಾಗುವುದು ಬೇಕಿರಲಿಲ್ಲ. ದಿನಕರನ ಹತ್ತಿರ ಕೀಲಿಯಿಲ್ಲ. ಬೊಮ್ಮನ ಕೀಲಿ ನಿಮ್ಮ ಹತ್ತಿರ ಇತ್ತು. ಅದನ್ನು ನೀವು ನನಗೆ ಹೇಳಲಿಲ್ಲ."

ರೋಹಿಣಿ ಸುಧಾಕರನ ಫೋನನ್ನು ವೀಣಾಳ ಮುಂದೆ ಹಿಡಿದಳು.

"ಹನ್ನೊಂದು ಹತ್ತಕ್ಕೆ ನಿಮ್ಮ ಗಂಡ ಮೆಸೇಜ್ ಹಾಕಿದ್ದಾರೆ. ಕೇಸು ಮುಂದೆ ಹೋಯ್ತು, ಪ್ಲಾಂಟು ನೋಡಿ ಬತ್ತೆ ಅಂತ. ಎರಡೇ ನಿಮಿಷದಲ್ಲಿ ನೀವು ಕರೆ ಮಾಡಲು ಶುರು ಮಾಡಿದಿರಿ. ಹದಿನಾಲ್ಕು ಸಲ. ಕೋರ್ಟಿನಲ್ಲಿ ಸೈಲೆಂಟ್ ಮಾಡಿದ ಫೋನು, ಅವರಿಗೆ ಕೇಳಿಸಲಿಲ್ಲ. ದಿನಕರ ನಮಗೆ ತಿಳಿಸಿದ್ದು ಹನ್ನೊಂದು ಮುಕ್ಕಾಲಿಗೆ. ಅದಕ್ಕೂ ಮೊದಲು ನಿಮಗೆ ಅಷ್ಟು ಹೆದರಿಕೆ ಯಾಕೆ?"

ವೀಣಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇವತ್ತು ಅವರ ಸಾಕ್ಷಿ ಇತ್ತು. ಸಂಜೆವರೆಗೆ ಬರೋದಿಲ್ಲ ಅಂದ್ಕೊಂಡು ವಾಲ್ವ್ ತಿರುಗಿಸಿದೆ. ಮಧ್ಯಾಹ್ನ ನಾನೇ ಹೋಗಿ ಆಗಷ್ಟೇ ಚೀಟಿ ಕಂಡ ಹಾಗೆ ಮಾಡಿ ಕೂಗುವವಳಿದ್ದೆ. ಹೆದರಿಯಾದರೂ ಕೇಸು ಬಿಡ್ತಾರೆ ಅಂತ."

"ಬಿಡಿ ಅಂತ ಹೇಳಬಹುದಿತ್ತಲ್ಲ?"

"ಎಷ್ಟು ಸಲ ಹೇಳೂದು? ಮಗಳು ಹುಟ್ಟಿದ ವರ್ಷ ಹಾಕಿದ ಕೇಸು ಮೇಡಂ. ಅವಳ ಹೆಸರಿಗಿಂತ ವಕೀಲರ ಹೆಸರು ಹೆಚ್ಚು ಕರೀತಾರೆ. ಗದ್ದೆ ಹೋಯ್ತು, ನನ್ನ ಬಳೆ ಹೋಯ್ತು. ರಾತ್ರಿ ಎದ್ದು ಕೂತು ಫೈಲು ಓದ್ತಾರೆ. ಒಂದು ದಿನ ಹಾಗೇ ಕೂತಲ್ಲೇ ಹೋಗ್ತಾರೆ ಅಂತ ನನಗೆ ಹೆದರಿಕೆ. ಗೆದ್ದರೆ ಸಿಗೂದೆಂತ? ತುಕ್ಕು ಹಿಡಿದ ಯಂತ್ರ."

"ದಿನಕರ ಇವತ್ತು ರಾಜಿಗೆ ಬಂದಿದ್ದ."

ವೀಣಾ ತಲೆಯೆತ್ತಿ ನೋಡಿದಳು.

ಗಾಜಿನ ಆಚೆ ಸುಧಾಕರ ಇನ್ನೂ ಬಾಗಿಲನ್ನೇ ನೋಡುತ್ತಿದ್ದ. ಹೆಂಡತಿ ಕಂಡೊಡನೆ ಅವನ ಮುಖ ಸ್ವಲ್ಪ ಸಡಿಲಾಯಿತು. ಹತ್ತಿರ ಬಾ ಎಂದು ಕೈ ಮಾಡಿದ.

"ಅವರಿಗೆ ಹೇಳ್ತೀರಾ?"

"ಹೇಳಲೇಬೇಕು. ಎಫ್‌ಐಆರ್ ಆಗ್ತದೆ."

"ಆತು," ಎಂದಳು ವೀಣಾ. ಜೀಪಿನವರೆಗೆ ತಾನಾಗಿಯೇ ನಡೆದಳು. ಹತ್ತುವ ಮುನ್ನ ತಿರುಗಿ ಕೇಳಿದಳು.

"ಈ ಕೇಸು ಎಷ್ಟು ವರ್ಷ ನಡೀತದೆ ಮೇಡಂ?"

ರೋಹಿಣಿ ಜೀಪಿನ ಬಾಗಿಲು ತೆರೆದಳು.