ಹೋಗಿ ಬರ್ತೀನಿ ಅಂದದ್ದಕ್ಕೆ

"ಮಿಸ್, ಪಿಸುಗೆ ಜೋಡಿನೇ ಇಲ್ಲ!"

ಕೂಗಿದವನು ಪಟಾಕಿ. ಅವನು ಬಾಯಿ ತೆರೆದರೆ ಬೀದಿಗೆಲ್ಲ ಕೇಳಿಸುತ್ತದೆ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

ಮೆತ್ತಗೆ ಮಾತಾಡುತ್ತಾಳೆ ಅಂತಲೇ ಅವಳಿಗೆ ಪಿಸು ಅನ್ನೋ ಹೆಸರು. ಸ್ಕೂಲ್ ಟ್ರಿಪ್ ಅಂತ ವಿಮಾನ ಹತ್ತಿ ಈ ದೂರದ ದೇಶದ ದೊಡ್ಡ ಊರಿಗೆ ಬಂದು ಮೂರು ದಿನವಾಗಿತ್ತು. ಅವಳ ಜೋಡಿಯಾಗಬೇಕಿದ್ದ ಗೆಳತಿ ಹೊರಡುವ ಹಿಂದಿನ ದಿನವೇ ಜ್ವರ ಬಂದು ಮಲಗಿಬಿಟ್ಟಿದ್ದಳು. ಎಲ್ಲರೂ ಕೈಕೈ ಹಿಡಿದು ನಡೆಯುತ್ತಿದ್ದರು. ಪಿಸು ತನ್ನ ಬ್ಯಾಗಿನ ಪಟ್ಟಿ ಹಿಡಿದು ನಡೆಯುತ್ತಿದ್ದಳು.

"ಬಾ ಮರಿ, ನೀನು ನನ್ನ ಜೋಡಿ," ಅಂದರು ಮಿಸ್. ಅಷ್ಟರಲ್ಲಿ ಯಾರಿಗೋ ವಾಂತಿ ಬರುವ ಹಾಗಾಯಿತು. ಮಿಸ್ ಅತ್ತ ಓಡಿದರು.

ಆ ಬೀದಿಯನ್ನು ನೋಡುವುದೇ ಇವತ್ತಿನ ಪಾಠ. ಒಂದೇ ಸಾಲಿನಲ್ಲಿ ಮಸೀದಿ, ಚರ್ಚು, ಯಹೂದಿಗಳ ಪ್ರಾರ್ಥನಾ ಮಂದಿರ. ನಡುನಡುವೆ ಬೀಗದ ಅಂಗಡಿ, ಲಾಂಡ್ರಿ. ಒಂದು ಕಡೆ ಟೋಪಿ ತೆಗೆಯಬೇಕು, ಇನ್ನೊಂದು ಕಡೆ ಹಾಕಿಕೊಳ್ಳಬೇಕು, ಮಗದೊಂದು ಕಡೆ ಶೂ ಬಿಡಬೇಕು.

"ಇರೋದು ಒಂದೇ ತಲೆ, ರೂಲ್ಸ್ ಎಷ್ಟಪ್ಪಾ!" ಅಂತ ಪಟಾಕಿ ಗೊಣಗಿದ.

ಮಸೀದಿಯ ಬಾಗಿಲಲ್ಲಿ ನಂಬರ್ ಬರೆದ ಮರದ ಗೂಡುಗಳಿದ್ದವು. ಶೂ ಕಾಯುವ ತಾತ ಒಬ್ಬೊಬ್ಬರ ಶೂ ಇಸಿದುಕೊಂಡು ಇಡುತ್ತಿದ್ದರು. ಎಲ್ಲರೂ ಒಳಗೆ ಹೋದರು. ಪಿಸುವಿನ ಲೇಸು ಮಾತ್ರ ಗಂಟುಬಿದ್ದು ಕೂತಿತ್ತು. ತಾತ ಮಂಡಿಯೂರಿ ಗಂಟು ಬಿಡಿಸತೊಡಗಿದರು. ಇಬ್ಬರದೂ ಹರಕುಮುರುಕು ಇಂಗ್ಲಿಷು.

"ನಿನ್ನ ಫ್ರೆಂಡ್ ಎಲ್ಲಿ?"

"ಊರಲ್ಲಿ. ಜ್ವರ."

"ಅಯ್ಯೋ. ನನ್ನ ಕಥೆನೂ ಅಷ್ಟೇ ಮಗು. ಎಲ್ಲರೂ ಶೂ ಕೊಡ್ತಾರೆ, ಯಾರೂ ಮಾತಾಡ್ಸಲ್ಲ."

ಪಿಸು ನಕ್ಕಳು. ಮೂರು ದಿನದಲ್ಲಿ ಅದೇ ಮೊದಲು. ಒಳಗೆ ಹೋಗಿ, ಮೆತ್ತನೆಯ ಕಾರ್ಪೆಟ್ಟಿನ ಮೇಲೆ ಕೂತು, ಎತ್ತರದ ಕಿಟಕಿಗಳನ್ನೆಲ್ಲ ನೋಡಿ ಬಂದಳು. ಹೊರಡುವಾಗ ತಾತನಿಗೆ ಏನಾದರೂ ಹೇಳಬೇಕಲ್ಲ? ಮನೆಯಲ್ಲಿ ಬರೀ 'ಹೋಗ್ತೀನಿ' ಅಂದರೆ ಅಜ್ಜಿ ಬಿಡುವುದೇ ಇಲ್ಲ, 'ಹೋಗ್ಬರ್ತೀನಿ ಅನ್ನೇ!' ಅಂತ ಗದರುತ್ತಾರೆ.

"ಐ ವಿಲ್ ಗೋ ಆ್ಯಂಡ್ ಕಮ್, ಅಂಕಲ್," ಅಂದಳು ಪಿಸು.

"ಬರ್ತೀಯಾ?" ತಾತನ ಮುಖ ಅರಳಿತು. "ಸರಿ, ಸರಿ."

ಚರ್ಚಿನಲ್ಲಿ ಪಿಸು ಬೆಂಚಿನ ತುದಿಯಲ್ಲಿ ಕೂತಳು. ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಇಬ್ಬಿಬ್ಬರಾಗಿ ಕೂತವರ ಹಿಂದೆ ಕೂತು ಬ್ರೆಡ್ ತಿಂದಳು. ಯಹೂದಿಗಳ ಮಂದಿರದಲ್ಲಿ ಹಳೇ ದೀಪಗಳನ್ನು ನೋಡುವಾಗ, "ನೋಡೇ ಅಲ್ಲಿ!" ಅಂತ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಕಂಬವಿತ್ತು.

ಬಸ್ಸಿಗೆ ಅಂತ ಅದೇ ಬೀದಿಯಲ್ಲಿ ವಾಪಸ್ ಬರುವಾಗ ಮೂರು ಗಂಟೆಯಾಗಿತ್ತು. ಮಸೀದಿಯ ಮುಂದೆ, ಒಳಗಿದ್ದ ಉದ್ದನೆಯ ಬೆಂಚನ್ನು ಹೊರಗೆಳೆದುಕೊಂಡು ತಾತ ಕೂತಿದ್ದರು. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು. ತೊಡೆಯ ಮೇಲೆ ಮನೆಗೊಯ್ಯುವ ಚೀಲ.

"ಬಂದ್ಯಾ! ನನ್ನ ಡ್ಯೂಟಿ ಹನ್ನೆರಡಕ್ಕೇ ಮುಗೀತು. ಬರ್ತೀನಿ ಅಂದಿದ್ದೆಯಲ್ಲ, ಅದಕ್ಕೇ ಕೂತೆ."

ಪಿಸು ಅಲ್ಲೇ ನಿಂತುಬಿಟ್ಟಳು.

"ಮೂರು ಗಂಟೆ ಹೊತ್ತಾ? ಇವಳಿಗಾ?" ಅಂದ ಪಟಾಕಿ.

ತಾತನಿಗೆ ಅವನ ಭಾಷೆ ಅರ್ಥವಾಗಲಿಲ್ಲ. ಅವರು ಪಿಸುವನ್ನೇ ನೋಡುತ್ತಿದ್ದರು.

"ಸಾರಿ ಅಂಕಲ್," ಅಂದಳು ಪಿಸು, ಎಲ್ಲರಿಗೂ ಕೇಳಿಸುವ ಹಾಗೆ. "ಹೊರಡುವಾಗ ನಾವು ಹಾಗೇ ಅನ್ನೋದು. ನಿಜವಾಗ್ಲೂ ಬರ್ತೀನಿ ಅಂತ ಅಲ್ಲ."

ತಾತ ತೊಡೆಯ ಮೇಲಿನ ಚೀಲವನ್ನು ಕೆಳಗಿಟ್ಟರು.

"ಹಾಗಾದ್ರೆ, ಇನ್ನು ಬರೋದೇ ಇಲ್ಲ ಅಂದಾಗ ಏನಂತೀರಿ?"

ಪಿಸು ಯೋಚಿಸಿದಳು. ನಾಳೆ ಬೆಳಿಗ್ಗೆ ವಿಮಾನ. ತಾನು ಈ ಬೀದಿಗೆ ಮತ್ತೆ ಬರುವುದುಂಟೇ? ಎಷ್ಟು ಹುಡುಕಿದರೂ ಬೇರೆ ಮಾತು ಸಿಗಲಿಲ್ಲ.

"ಆಗ್ಲೂ ಅದನ್ನೇ ಅಂತೀವಿ, ಅಂಕಲ್."

ತಾತ ನಿಧಾನವಾಗಿ ತಲೆಯಾಡಿಸಿದರು. "ಹಾಗಿದ್ರೆ ನಾನು ಕಾದಿದ್ರಲ್ಲಿ ತಪ್ಪೇನಿಲ್ಲ ಬಿಡು."

ಮಿಸ್ ಗಡಿಯಾರ ನೋಡಿಕೊಂಡು, "ಎರಡೇ ನಿಮಿಷ, ಆಯ್ತಾ?" ಅಂದರು.

ತಾತ ಎದ್ದು ಬೆಂಚಿನ ಒಂದು ತುದಿ ಎತ್ತಿದರು. ಪಿಸು ಓಡಿಹೋಗಿ ಇನ್ನೊಂದು ತುದಿ ಹಿಡಿದಳು. ಬಾಗಿಲು ಕಿರಿದು, ಬೆಂಚು ಉದ್ದ. ಇಬ್ಬರೂ ಅದನ್ನು ಓರೆ ಮಾಡಿ, ಒಂದೊಂದೇ ಹೆಜ್ಜೆ ಇಡುತ್ತಾ, ಗೋಡೆಗೆ ತಾಗಿಸದೆ ಒಳಗೆ ತಂದಿಟ್ಟರು.