ನಲವತ್ತೊಂದನೇ ಗೂಡು

ಇದನ್ನು ಹೇಳುವಷ್ಟು ದೊಡ್ಡವನು ನಾನಲ್ಲ. ಎಲ್ಲಾದರೂ ತಪ್ಪಿದರೆ ಮನ್ನಿಸಬೇಕು. ಕೇಳಿದ್ದಕ್ಕೆ ಉಪ್ಪುಖಾರ ಹಚ್ಚಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸಕ್ಕೆ ಹೊಸಬಳು ಬಂದ ದಿನವೇ, ಮುದ್ರೆ ಒತ್ತುವ ಮುದುಕ ಎಚ್ಚರಿಸಿದ್ದ. ಗೋಡೆಯುದ್ದಕ್ಕೂ ಮರದ ಗೂಡುಗಳು. ನಲವತ್ತೊಂದನೆಯದರ ಬಾಯಿಗೆ ಅಡ್ಡಲಾಗಿ ಒಂದು ಉದ್ದ ಕೂದಲು, ಅದರಲ್ಲಿ ಏಳು ಗಂಟು.

"ಅದನ್ನ ಮುಟ್ಬೇಡ ಕಣಮ್ಮ. ಕಾಗದ ಹಾಕ್ತೀನಿ ಅಂತ ಹೋದವನಿಗೆ ಒಬ್ಳು ಹನ್ನೆರಡು ವರ್ಷ ಈ ಕಿಟಕಿ ಹತ್ರ ಕಾದ್ಲು. ಕೊನೆಗೆ ಕೂದಲು ಕಿತ್ತು ಮಾಟ ಕಟ್ಟಿ ಹೋದ್ಲು. ಕಾಯೋರಿಗೆ ಅದರಲ್ಲಿ ಕಾಗದ ಬರತ್ತೆ. ನಿನ್ನ ಜಾಗದಲ್ಲಿದ್ದೋಳಿಗೂ ಬಂತು. ಒಡೆದು ಓದೋಕೆ ಕೂತ್ಲು. ಮುಗೀಲೇ ಇಲ್ಲ. ಮೂರನೇ ದಿನ ಕುರ್ಚಿ ಸಮೇತ ಎತ್ಕೊಂಡು ಹೋದ್ವಿ. ಆಗ್ಲೂ ಕಣ್ಣು ಸಾಲಿನ ಮೇಲೆ ಓಡ್ತಿತ್ತು."

"ಬೇಡದ ಕಾಗದಕ್ಕೆ 'ನಿರಾಕರಿಸಲಾಗಿದೆ' ಅಂತ ಮುದ್ರೆ ಒತ್ತಿ ವಾಪಸ್ ಕಳಿಸೋದು ತಾನೇ?" ಮೇಜಿನ ಮೇಲಿದ್ದ, ಹಿಡಿ ಸೀಳಿದ ಮುದ್ರೆಯನ್ನು ತೋರಿಸಿ ಕೇಳಿದಳು.

"ಅಷ್ಟು ವರ್ಷ ಕಾದೋರು ಯಾರಮ್ಮ ವಾಪಸ್ ಕಳಿಸ್ತಾರೆ?"

"ಅಯ್ಯೋ ತಾತ, ಇಲ್ಲಿ ನೆಟ್ಟಗೆ ವಿಳಾಸ ಬರೆದಿದ್ದೇ ತಲುಪಲ್ಲ, ಮಾಟದ್ದು ತಲುಪತ್ತಾ?" ನಕ್ಕು, ಆ ಕೂದಲನ್ನು ಎಳೆದು ಹರಿದೇಬಿಟ್ಟಳು.

ಅವಳೂ ಕಾಯುತ್ತಿದ್ದವಳೇ. ತಲುಪಿದ ಕೂಡಲೇ ಬರೆಯುತ್ತೇನೆಂದು ಹೋದವನು ಒಂಬತ್ತು ವರ್ಷವಾದರೂ ಬರೆದಿರಲಿಲ್ಲ. ಅವನ ಕಾಗದ ಬೇರೆಯವರ ಕೈಯಲ್ಲಿ ಕಳೆದುಹೋಗಬಾರದೆಂದೇ ಈ ಕೆಲಸ ಹಿಡಿದಿದ್ದಳು. "ಬಂತೇನೇ ನಿನ್ನ ರಾಯರ ಓಲೆ?" ಎಂದು ಅಕ್ಕ ದಿನಾ ಸಂಜೆ ಕಾಡುತ್ತಿದ್ದಳು.

ಕೂದಲು ಹರಿದ ಮೂರನೇ ದಿನ ಮಧ್ಯಾಹ್ನ ದೀಪ ಹೋಯಿತು. ಕಿಟಕಿ ಚಿಕ್ಕದು, ಕೋಣೆ ಕಪ್ಪಾಯಿತು. ಅರಗು, ಅಂಟು, ಗೋಣಿಚೀಲದ ವಾಸನೆಯ ಮೇಲೆ ಸುಟ್ಟ ಕೂದಲಿನ ಕಮಟು ತೇಲಿಬಂತು. ಗೂಡಿನೊಳಗೆ ಯಾರೋ ಬರೆಯುತ್ತಿದ್ದರು. ಲೇಖನಿಯ ಮುಳ್ಳು ಕಾಗದವನ್ನು ಕೆರೆಯುವ ಸದ್ದು. ನಿಂತಿತು.

ಅವಳು ಕೈ ಹಾಕಿದಳು.

ಲಕೋಟೆ ಬೆಚ್ಚಗಿತ್ತು, ಮೈಯಂತೆ. ಕತ್ತಲಲ್ಲೂ ಅಕ್ಷರ ಕಾಣುತ್ತಿತ್ತು. ಅವಳ ಹೆಸರು. ಅವನ ಕೈಬರಹ, ಬಲಕ್ಕೆ ವಾಲಿದ ಅದೇ ಅಕ್ಷರ. ಅಂಟು ತಾನಾಗಿ ಬಿಡತೊಡಗಿತು.

"ಓದ್ಬೇಡ ಕಣಮ್ಮ!" ಮುದುಕನ ದನಿ ಎಲ್ಲೋ ದೂರದಲ್ಲಿ.

ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಿತು. ಖಾಲಿ ಕುರ್ಚಿ. ಯಾರೋ ಪಿಸುಪಿಸು ಓದುತ್ತಿದ್ದರು. ಮೊದಲ ಸಾಲು ಇಣುಕಿತು. ಕಣ್ಣನ್ನು ಎಳೆಯಿತು. ಕುರ್ಚಿ ಹತ್ತಿರ ಸರಿಯಿತು. ಇನ್ನೂ ಹತ್ತಿರ.

ಭಯಕ್ಕಿಂತ ಮೊದಲು ಸಿಟ್ಟು ಬಂತು.

"ಒಂಬತ್ತು ವರ್ಷ ಕೂರ್ಸಿದ್ದು ಸಾಲ್ದೇನೋ ನಿಂಗೆ?"

ಕಣ್ಣು ಮುಚ್ಚಿದಳು. ಮೇಜು ತಡವಿದಳು. ತಾರೀಖಿನ ಮುದ್ರೆ, ಅಲ್ಲ. ತೂಕದ ಕಲ್ಲು, ಅಲ್ಲ. ಹಿಡಿ ಸೀಳಿದ ಮುದ್ರೆ. ಅದೇ. ಅಂಟನ್ನು ಹೆಬ್ಬೆರಳಿಂದ ಅದುಮಿ ಹಿಡಿದಳು. ಬೆರಳು ಸುಟ್ಟಿತು. ಬಿಡಲಿಲ್ಲ. ಒತ್ತಿದಳು.

ನಿರಾಕರಿಸಲಾಗಿದೆ.

ಗೂಡಿನಿಂದ ಹೆಂಗಸಿನ ಚೀತ್ಕಾರ. ಲಕೋಟೆಯನ್ನು ವಾಪಸಾತಿಯ ಚೀಲಕ್ಕೆ ಎಸೆದು ಚೀಲದ ಬಾಯಿ ಬಿಗಿದಳು. ದೀಪ ಬಂತು.

ಮರುದಿನ ಕಾಗದಗಳ ಮುಂದೆ ನಿಂತಾಗ ಗೊತ್ತಾಯಿತು. ಅಚ್ಚಿನ ಅಕ್ಷರ ಓದಬಲ್ಲಳು. ಕೈಬರಹ ಮಾತ್ರ ಇರುವೆಗಳಂತೆ ಚೆದುರಿ ಓಡುತ್ತದೆ. ಈಗ ಮುದುಕನ ಪಕ್ಕದಲ್ಲಿ ಮುದ್ರೆ ಒತ್ತುತ್ತಾಳೆ.

"ಅವನು ನಿಜವಾಗ್ಲೂ ಬರೆದ್ರೆ ಏನೇ ಮಾಡ್ತೀಯಾ?" ಎಂದಳು ಅಕ್ಕ, ಈ ಸಲ ನಗದೆ.

"ಅಷ್ಟು ಬೇಕಿದ್ರೆ ಬಂದು ಬಾಯಲ್ಲಿ ಹೇಳ್ಲಿ. ನಾನಂತೂ ಇನ್ನು ಕಾಯಲ್ಲ."

ಆ ಲಕೋಟೆ ಮಾಟದ್ದೋ, ಅವನು ನಿಜಕ್ಕೂ ಬರೆದದ್ದೋ, ನನಗೆ ತಿಳಿಯದು. ಚೀಲದಿಂದ ಅದು ಯಾರ ಕೈಗೆ ವಾಪಸ್ ಹೋಯಿತೆಂಬುದೂ ತಿಳಿಯದು.