ಹಸಿರು ಬಾವುಟ ಮತ್ತು ಹೊಸ ಕಾವಲುಗಾರ

ಅತ್ತಿಗೆ ನಾದಿನಿ ಅಂದರೆ ಎಣ್ಣೆ ಸೀಗೇಕಾಯಿ ಎಂದು ಜನ ಹೇಳುವುದುಂಟು. ಅದು ನಮ್ಮಿಬ್ಬರನ್ನು ನೋಡದವರ ಮಾತು. ನಮ್ಮ ಕನ್ನಡಕದ ಅಂಗಡಿಯಲ್ಲಿ ಅತ್ತಿಗೆ ಕಣ್ಣು ಪರೀಕ್ಷೆ ಮಾಡುತ್ತಾರೆ, ನಾನು ಫ್ರೇಮು ಮಾರುತ್ತೇನೆ. ನಡುವೆ ಯಾರಾದರೂ ಏನನ್ನಾದರೂ ಕಳೆದುಕೊಂಡು ಬಂದರೆ ಅತ್ತಿಗೆ ಹುಡುಕಿಕೊಡುತ್ತಾರೆ, ಆಮೇಲೆ ನಾನು ಆ ಕತೆಯನ್ನು ಬೀದಿಗೆಲ್ಲ ಹೇಳುತ್ತೇನೆ. ಅಣ್ಣನಿಗೆ ಇದು ಒಂದಿಷ್ಟೂ ಹಿಡಿಸುವುದಿಲ್ಲ. ಅವನನ್ನು ಕೇಳಿದವರು ಯಾರು?

ಆ ದಿನ ಬೆಳಿಗ್ಗೆ ನಾನು ರಿಪೇರಿಯ ತಟ್ಟೆ ಒರೆಸುತ್ತಿದ್ದೆ. ಅದರಲ್ಲಿ ಕಡ್ಡಿ ಮುರಿದ ಕನ್ನಡಕವೊಂದು ಹೊಸ ಕಡ್ಡಿ ಬಾರದೆ ಬಹಳ ದಿನದಿಂದ ಕೂತಿತ್ತು. ಅದು ಪಕ್ಕದ ಬೀದಿಯ ನಿವೃತ್ತ ಸ್ಟೇಷನ್ ಮಾಸ್ಟರ ಹೆಂಡತಿಯದು. ಅಷ್ಟರಲ್ಲಿ ಅವರ ಸೊಸೆ ಒಳಗೆ ಬಂದಳು. ಅತ್ತೆಯ ಕನ್ನಡಕ ಕೇಳಲು ಬಂದಳೇನೋ ಎಂದುಕೊಂಡು ನಾನು ನೆವ ಹುಡುಕುತ್ತಿದ್ದರೆ, ಅವಳು ಸ್ಟೂಲಿನ ಮೇಲೆ ಕುಸಿದು ಕೂತು ಅತ್ತಿಗೆಯ ಕೈ ಹಿಡಿದುಕೊಂಡಳು.

"ಅಕ್ಕಾ, ನಾನು ಕಳ್ಳಿ ಅಲ್ಲ ಅಂತ ನಮ್ಮ ಮಾವನಿಗೆ ನೀವು ತೋರಿಸಿಕೊಡಬೇಕು," ಎಂದಳು.

ಹುಡುಗಿ ಹಲ್ಲಿನ ಡಾಕ್ಟರು, ಮದುವೆಯಾಗಿ ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಕೆಲಸದ ಮೇಲೆ ಪರವೂರಿಗೆ ಹೋಗಿದ್ದ. ಅವಳು ಹೇಳಿದ್ದು ಇಷ್ಟು.

ಮಾಸ್ಟರು ನಿವೃತ್ತರಾದ ಮೇಲೆ ಮುಂದಿನ ಕೋಣೆಯ ದೊಡ್ಡ ಮೇಜಿನ ಮೇಲೆ ಪುಟ್ಟ ರೈಲು ಮಾರ್ಗ ಕಟ್ಟಿದ್ದರು. ನಿಲ್ದಾಣ, ಸುರಂಗ, ಸೇತುವೆ, ಗೇಟು ಎಲ್ಲ ಇತ್ತು. ಅಷ್ಟಕ್ಕೇ ನಿಲ್ಲದೆ, ಆ ವಯಸ್ಸಿನಲ್ಲಿ ಪಟ್ಟು ಹಿಡಿದು ಕಲಿತು, ರೈಲು ಓಡಿಸುವ ಪ್ರೋಗ್ರಾಮನ್ನು ತಮ್ಮ ಕೈಯಾರೆ ಬರೆದಿದ್ದರು. ಮನೆಯ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಸಿಗ್ನಲ್ಲು ಬೀಳುತ್ತಿತ್ತು, ಗೇಟು ಮುಚ್ಚುತ್ತಿತ್ತು, ರೈಲು ಹೇಳಿದ ಹೊತ್ತಿಗೆ ಸರಿಯಾಗಿ ಹೊರಡುತ್ತಿತ್ತು. ಭಾನುವಾರ ಮಕ್ಕಳ ಆಸ್ಪತ್ರೆಯಲ್ಲಿ ಅದನ್ನು ಓಡಿಸಿ ತೋರಿಸುವುದೆಂದು ನಿಶ್ಚಯವಾಗಿತ್ತು. ಅದಕ್ಕಾಗಿ ದಿನಾ ಸಂಜೆ ತಾಲೀಮು. ಮಾಸ್ಟರು ಸೀಟಿ ಊದಬೇಕು, ಸೊಸೆ ಹಸಿರು ಬಾವುಟ ಬೀಸಬೇಕು. ಅವಳು ಬಾವುಟ ತೋರಿಸದೆ ಆ ಮನೆಯಲ್ಲಿ ರೈಲು ಹೊರಟದ್ದಿಲ್ಲ.

ಹೀಗಿರುವಾಗ ಒಂದು ಸಂಜೆ ನೋಡಿದರೆ ಕಂಪ್ಯೂಟರಿನಲ್ಲಿ ಪ್ರೋಗ್ರಾಮೇ ಇಲ್ಲ. ಅದರ ನಕಲನ್ನು ಮಾಸ್ಟರು ಪೆನ್‌ಡ್ರೈವಿನಲ್ಲಿಟ್ಟು, ತಮ್ಮ ಹಳೆಯ ಟೋಪಿಯ ಒಳಜೇಬಿನಲ್ಲಿ ಬಚ್ಚಿಟ್ಟಿದ್ದರು. ತಂದು ಚುಚ್ಚಿದರೆ ಅದರಲ್ಲಿದ್ದ ರೈಲಿನ ಫೋಟೋಗಳೆಲ್ಲ ಇದ್ದವು, ಪ್ರೋಗ್ರಾಮ್ ಮಾತ್ರ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಸಾಲುಗಳಿಂದ ಮತ್ತೆ ಹೊಸದಾಗಿ ಮಾಡಿದರು. ಕಾಫಿ ಕುಡಿದು ಬರುವಷ್ಟರಲ್ಲಿ ಅದೂ ಮಾಯ. ಇನ್ನೊಮ್ಮೆ ಮಾಡಿ ಕೋಣೆಗೆ ಬೀಗ ಹಾಕಿ ಬೀಗದ ಕೈ ಜೇಬಿಗೆ ಹಾಕಿಕೊಂಡರು. ಬೀಗ ಬೀಗದಂತೆಯೇ ಇತ್ತು, ಪ್ರೋಗ್ರಾಮ್ ಇರಲಿಲ್ಲ.

"ಟೋಪಿಯ ಒಳಜೇಬು ಹೊಲಿದುಕೊಟ್ಟವಳು ನಾನೇ," ಎಂದಳು ಸೊಸೆ. "ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೇ."

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಅವಳ ಕ್ಲಿನಿಕ್ಕಿನ ಕಂಪ್ಯೂಟರಿಗೆ ಹಿಂದೊಮ್ಮೆ ವೈರಸ್ ಹೊಕ್ಕು ರೋಗಿಗಳ ಹಲ್ಲಿನ ಚಿತ್ರಗಳನ್ನೆಲ್ಲ ನುಂಗಿ ನೀರು ಕುಡಿದಿತ್ತು. ಅಂದಿನಿಂದ ಅವಳು ಮನೆಗೂ ದುಡ್ಡು ಕೊಟ್ಟು ಒಳ್ಳೆಯ ಆಂಟಿವೈರಸ್ ಹಾಕಿಸಿ ಎಂದು ಮಾವನ ಬೆನ್ನು ಹತ್ತಿದ್ದಳು. ಮಾವ ಬಿಟ್ಟಿಯದೇ ಸಾಕು ಎನ್ನುವವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಊಟಕ್ಕೆ ಕೂತಾಗಲೆಲ್ಲ ಇದೇ ವಾದ. ಒಮ್ಮೆ ರೇಗಿ ಅವಳು, ಒಂದು ದಿನ ಎಲ್ಲ ಹೋಗುತ್ತೆ, ಆಗ ನನ್ನ ಮಾತು ನೆನಪಾಗುತ್ತೆ ಎಂದುಬಿಟ್ಟಿದ್ದಳು. ಅದೇ ವಾರ ಹೋಯಿತು. ಗೆಲ್ಲಬೇಕೆಂದು ಅವಳೇ ಮಾಡಿದ್ದಾಳೆ ಎಂದು ಮಾವನ ಮನಸ್ಸಿಗೆ ಬಂತು.

"ಬೈದಿದ್ದರೆ ತಡ್ಕೋತಿದ್ದೆ ಅಕ್ಕಾ. ಒಂದು ಮಾತೂ ಆಡಲಿಲ್ಲ. ಹಸಿರು ಬಾವುಟ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು."

ಅಷ್ಟು ಹೇಳಿ ಅವಳು ಮುಖ ಮುಚ್ಚಿಕೊಂಡಳು. ಅದೇ ಗಳಿಗೆಗೆ ನಮ್ಮ ಅಂಗಡಿಯ ಕಂಪ್ಯೂಟರ್ 'ಟಿಣ್' ಎಂದು ಗಂಟೆ ಬಾರಿಸಿ, ದುಡ್ಡು ಕೊಟ್ಟು ದೊಡ್ಡದನ್ನು ಕೊಳ್ಳಿ ಎಂಬ ಪೆಟ್ಟಿಗೆಯನ್ನು ತೆರೆಯಿತು. ನಮ್ಮದೂ ಬಿಟ್ಟಿ ಆಂಟಿವೈರಸ್ಸೇ. ಹೊತ್ತು ಗೊತ್ತು ಒಂದೂ ಇಲ್ಲ ಅದಕ್ಕೆ. ನಾನು ಶಪಿಸುತ್ತ ಮುಚ್ಚಿದೆ. ಅತ್ತಿಗೆ ಆ ಕಂಪ್ಯೂಟರನ್ನೇ ನೋಡುತ್ತಿದ್ದವರು, "ನಿಮ್ಮ ಮಾವ ಹಾಕಿಕೊಂಡಿರೋದೂ ಇದೇನಾ?" ಎಂದು ಕೇಳಿದರು. ಇದೇ ಎಂದಳು ಸೊಸೆ.

ಮಧ್ಯಾಹ್ನ ಅಂಗಡಿಯನ್ನು ಅಣ್ಣನ ತಲೆಗೆ ಕಟ್ಟಿ ನಾವಿಬ್ಬರೂ ಮಾಸ್ಟರ ಮನೆಗೆ ಹೋದೆವು. ಮಾಸ್ಟರು ಬಿಗಿದ ಮುಖದಲ್ಲೇ ಬರಮಾಡಿಕೊಂಡರು. ಅವರ ಹೆಂಡತಿ ಮೂಲೆಯ ಕುರ್ಚಿಯಲ್ಲಿ ಆಸ್ಪತ್ರೆಯ ಮಕ್ಕಳಿಗೆಂದು ಉಲ್ಲನ್ ಟೋಪಿ ಹೆಣೆಯುತ್ತಿದ್ದರು. ಕನ್ನಡಕವಿಲ್ಲದೆ ಹೇಗಮ್ಮ ಎಂದರೆ, ಬೆರಳಿಗೆ ಕಣ್ಣಿದೆ ಬಿಡಿ ಎಂದು ನಕ್ಕರು. ಅತ್ತಿಗೆ ಕಂಪ್ಯೂಟರ್ ಹಾಕಿಸಿ ಅದರ ಮುಂದೆ ಕೂತರು, ಕೂತೇ ಇದ್ದರು. ಮಾಸ್ಟರು ತಮ್ಮ ಬಿಟ್ಟಿ ಆಂಟಿವೈರಸ್ಸಿನ ಗುಣಗಾನ ಮಾಡಿದರು. ಹಾಕಿದ ಮೊದಲ ದಿನವೇ, ರೈಲಿನ ಫೋಲ್ಡರ್ ನನ್ನದು, ಅದರ ತಂಟೆಗೆ ಹೋಗಬೇಡ ಎಂದು ಅದಕ್ಕೆ ತಾಕೀತು ಮಾಡಿದ್ದರಂತೆ. ಅದೂ ವಿಧೇಯವಾಗಿ ನಡೆದುಕೊಂಡು ಬಂದಿತ್ತಂತೆ.

"ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನೋನು ನಾನಲ್ಲಮ್ಮ," ಎಂದರು. "ಕೆಲಸ ಮಾಡ್ತು, ಇಟ್ಕೊಂಡೆ. ಈಗ ಕಳ್ಳತನಕ್ಕೂ ಅದಕ್ಕೂ ಏನು ಸಂಬಂಧ? ಕದ್ದೋರು ಅದು ಸಾಲದು ಅಂತ ಅಕ್ಷರಗಳನ್ನೂ ಕುಂಬಳಕಾಯಿ ಗಾತ್ರ ಮಾಡಿ ಹೋಗಿದ್ದಾರೆ ನೋಡಿ."

ನಿಜ, ಪರದೆಯ ಮೇಲಿನ ಅಕ್ಷರಗಳು ಬೋರ್ಡಿನ ಬರಹದಷ್ಟು ದಪ್ಪಗಿದ್ದವು. ಮೊದಲ ಸಲ ಪ್ರೋಗ್ರಾಮ್ ಮಾಯವಾದಂದಿನಿಂದ ಹೀಗೇ ಇದೆ, ಪೊಲೀಸರಿಗೆ ಸಾಕ್ಷಿಯಾದೀತು ಎಂದು ಹಾಗೇ ಬಿಟ್ಟಿದ್ದೇನೆ ಎಂದರು ಮಾಸ್ಟರು. ಅವರ ಕೈಯಾರೆ ಮಾಡಿದ್ದನ್ನು ಬಿಟ್ಟು ಬೇರೇನಾದರೂ ಹೋಗಿದೆಯೇ ಎಂದು ಅತ್ತಿಗೆ ಕೇಳಿದರು. ಒಂದು ಚೂರೂ ಹೋಗಿರಲಿಲ್ಲ. ಆಮೇಲೆ ಬಹಳ ಹೊತ್ತು ಪರದೆಯನ್ನೇ ನೋಡುತ್ತ ಕೂತರು. ಕೋಣೆಯಲ್ಲಿ ಹೆಣಿಗೆ ಕಡ್ಡಿಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಹಿಂದಿರುಗುವಾಗ ನಾನು ನನ್ನ ಊಹೆಗಳನ್ನೆಲ್ಲ ಬಿಚ್ಚಿದೆ. ಬೀಗಕ್ಕೆ ಎರಡನೇ ಕೈ ಇರಬಹುದು. ಮಗ ಪರವೂರಿನಿಂದಲೇ ಏನೋ ಕಿತಾಪತಿ ಮಾಡಿರಬಹುದು. ಮಾಸ್ಟರೇ ಮರೆತು ಅಳಿಸಿರಬಹುದು. ಅತ್ತಿಗೆ ಎಲ್ಲಕ್ಕೂ ಅಲ್ಲ ಎಂದು ತಲೆಯಾಡಿಸಿ, "ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದರಂತೆ. ನಾಳೆ ಬೆಳಿಗ್ಗೆ ಆ ಕನ್ನಡಕಕ್ಕೆ ಬೇರೆ ಯಾವುದಾದರೂ ಕಡ್ಡಿ ಹಾಕು. ನಮಗೆ ಬೇಕಾಗುತ್ತೆ," ಎಂದರು. ನನಗೆ ತಲೆಬುಡ ತಿಳಿಯಲಿಲ್ಲ.

ಮರುದಿನ ಶನಿವಾರ. ಎಲ್ಲರೂ ಮಾಸ್ಟರ ಮುಂದಿನ ಕೋಣೆಯಲ್ಲಿ ಸೇರಿದೆವು. ಮಾಸ್ಟರ ಹೆಂಡತಿ ಮೂಲೆಯಲ್ಲಿ ಹೆಣೆಯುತ್ತಿದ್ದರು, ಸೊಸೆ ಬಾಗಿಲ ಬಳಿಯೇ ನಿಂತಿದ್ದಳು. ಮಾವ ಅವಳತ್ತ ನೋಡಲಿಲ್ಲ. ಅತ್ತಿಗೆ ಮಾಸ್ಟರಿಗೆ ಒಂದು ಕೆಲಸ ಹೇಳಿದರು. ಈಗಲೇ, ನಮ್ಮೆಲ್ಲರ ಎದುರಿಗೇ, ಒಂದು ಸಲ ಸೀಟಿ ಊದಿ ಸುಮ್ಮನಾಗುವಂಥ ಪುಟ್ಟ ಪ್ರೋಗ್ರಾಮ್ ಮಾಡಿ ಎಂದು. ಮಾಸ್ಟರು ಗೊಣಗುತ್ತಲೇ ಮಾಡಿದರು. ಪರದೆಯ ಮೇಲೆ ಅದರ ಗುರುತು ಮೂಡಿತು.

"ಈಗ ಎಲ್ಲರೂ ಎರಡೂ ಕೈ ಮೇಜಿನ ಮೇಲಿಡಿ. ಮಾಸ್ಟರೇ, ನೀವೂ ಇಡಿ."

ಬಾಗಿಲಲ್ಲಿದ್ದ ಸೊಸೆ, ಹೆಣಿಗೆ ಬದಿಗಿಟ್ಟು ಬಂದ ಅತ್ತೆ ಸೇರಿ ಎಲ್ಲರೂ ಶಾಲೆಯ ಮಕ್ಕಳಂತೆ ಕೈ ಇಟ್ಟು ಪರದೆ ನೋಡುತ್ತ ನಿಂತೆವು. ಗುರುತು ಇತ್ತು. ಇತ್ತು. ಆಮೇಲೆ ಇರಲಿಲ್ಲ. ಯಾರ ಒಂದು ಬೆರಳೂ ಅಲ್ಲಾಡಿರಲಿಲ್ಲ.

ಮಾಸ್ಟರು ತಮ್ಮ ಕೈಗಳನ್ನೊಮ್ಮೆ, ಸೊಸೆಯ ಕೈಗಳನ್ನೊಮ್ಮೆ ನೋಡಿದರು. ಅವರ ಮುಖ ಕೆಂಪಗಾಯಿತು. ಅವರ ಹೆಂಡತಿ ಮೂಲೆಗೆ ಮರಳಿ ಹೆಣಿಗೆ ಎತ್ತಿಕೊಂಡರು, ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತರು. ಹೀಗೆ ಕೂತರೆಂದರೆ ಕತೆ ಮುಗಿಯಿತೆಂದೇ ಲೆಕ್ಕ.

"ಕಳ್ಳರಾಗಿದ್ದರೆ ಪೆನ್‌ಡ್ರೈವನ್ನೇ ಒಯ್ಯುತ್ತಿದ್ದರು, ಇಲ್ಲ ಪೂರ್ತಿ ಅಳಿಸುತ್ತಿದ್ದರು. ಫೋಟೋ ಬಿಟ್ಟು ಪ್ರೋಗ್ರಾಮ್ ಒಂದನ್ನೇ ಆರಿಸಿದವರು ಯಾರು? ಟೋಪಿಯೊಳಗಿದ್ದಾಗ ಅದನ್ನು ಯಾರೂ ಮುಟ್ಟಲಿಲ್ಲ. ನೀವು ಚುಚ್ಚಿದ ಮೇಲೆ ಹೋಯಿತು. ಬೀಗ ಹಾಕಿದ ಕೋಣೆಯಲ್ಲೂ ಹೋಯಿತು. ಅಂದರೆ ಹಿಡಿಯೋನು ಆ ಕಂಪ್ಯೂಟರಿನೊಳಗೇ ಕೂತಿದ್ದಾನೆ. ಅವನು ನಿಮ್ಮ ಆಂಟಿವೈರಸ್ಸು."

ನಾನು ತಡೆಯಲಾರದೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ ಎಂದೆ. ಮೇಯ್ದಿಲ್ಲ, ಕಟ್ಟಿಹಾಕಿದೆ ಎಂದರು ಅತ್ತಿಗೆ. ಮಾಸ್ಟರು ಒಪ್ಪಲಿಲ್ಲ. ಫೋಲ್ಡರ್ ಮುಟ್ಟಬೇಡ ಎಂದು ತಾವು ಹೇಳಿದ್ದ ಮೇಲೆ ಅದು ಮುಟ್ಟಿದ್ದೇ ಇಲ್ಲ ಎಂದು ವಾದಿಸಿದರು.

"ನೀವು ಹೇಳಿದ್ದು ಹಳೆಯ ಕಾವಲುಗಾರನಿಗೆ," ಎಂದರು ಅತ್ತಿಗೆ. "ನಮ್ಮ ಅಂಗಡಿಯಲ್ಲಿ ಅವನು ಬೆಳಗಾದರೆ ಗಂಟೆ ಬಾರಿಸ್ತಾನೆ, ಕೊಂಡುಕೊಳ್ಳಿ ಅಂತ ಪ್ರಾಣ ತಿಂತಾನೆ. ನಿನ್ನೆ ಇಲ್ಲಿ ಅಷ್ಟು ಹೊತ್ತು ಕೂತೆ, ಒಂದು ಗಂಟೆಯೂ ಕೇಳಲಿಲ್ಲ. ದುಡ್ಡು ಪಡೆದವನು ಯಾಕೆ ದುಡ್ಡು ಕೇಳ್ತಾನೆ? ಹಳಬ ಹೋಗಿ ಹೊಸಬ ಬಂದಿದ್ದಾನೆ. ಹೊಸಬನಿಗೆ ಮನೆಯವರ ಪರಿಚಯ ಇಲ್ಲ. ಹೆಸರಿಲ್ಲದ, ಊರಿಲ್ಲದ, ಮನೆಯಲ್ಲೇ ಹುಟ್ಟಿದ ಪ್ರೋಗ್ರಾಮ್ ಕಂಡರೆ ಕಳ್ಳನೇ ಅಂದುಕೊಂಡ."

ಹಾಗಾದರೆ ಹೊಸಬನನ್ನು ತಂದವರು ಯಾರು? ಮಾಸ್ಟರು ಮತ್ತೆ ಸೊಸೆಯತ್ತ ತಿರುಗಿದರು. ಅತ್ತಿಗೆ ಕೈ ಅಡ್ಡ ಹಿಡಿದರು. ಹಲ್ಲಿನ ಸಂದಿ ನೋಡುವ ಹುಡುಗಿಗೆ ಕುಂಬಳಕಾಯಿ ಗಾತ್ರದ ಅಕ್ಷರ ಏಕೆ ಬೇಕು ಎಂದು ಕೇಳಿ, ನನ್ನತ್ತ ಕೈ ಚಾಚಿದರು. ನಾನು ಚೀಲದಿಂದ ಕನ್ನಡಕ ತೆಗೆದುಕೊಟ್ಟೆ. ಒಂದು ಕಡ್ಡಿ ಕಪ್ಪು, ಇನ್ನೊಂದು ಕಂದು. ಅತ್ತಿಗೆ ಅದನ್ನು ಮೂಲೆಯ ಕುರ್ಚಿಯತ್ತ ಒಯ್ದರು.

ಹೆಣಿಗೆ ಕಡ್ಡಿಗಳು ನಿಂತಿದ್ದವು.

"ನನಗೇನು ಗೊತ್ತಿತ್ತು ಕಣ್ರೀ," ಎಂದರು ಮಾಸ್ಟರ ಹೆಂಡತಿ, ನಗು ಅಳು ಎರಡೂ ಬೆರೆತ ದನಿಯಲ್ಲಿ. "ಊಟಕ್ಕೆ ಕೂತರೆ ಬಿಟ್ಟಿ, ದುಡ್ಡು, ಬಿಟ್ಟಿ, ದುಡ್ಡು. ಸಾರು ಹೇಗಿದೆ ಅಂತ ಕೇಳೋರಿಲ್ಲ. ನಾನೇ ಕಂಪ್ಯೂಟರ್ ಅಂಗಡಿಗೆ ಹೋಗಿ ಕೊಂಡು ತಂದೆ. ಇವರು ವಾಕಿಂಗ್ ಹೋದಾಗ ಅಂಗಡಿಯವನು ಫೋನಲ್ಲಿ ಹೇಳಿದ ಹಾಗೆ ಒತ್ತಿದೆ. ಸೊಸೆ ಹೇಳಿದ್ದೂ ಆಯ್ತು, ಇವರಿಗೆ ಗೊತ್ತೂ ಆಗಲಿಲ್ಲ, ಮನೆ ತಣ್ಣಗಿರುತ್ತೆ ಅಂದುಕೊಂಡೆ."

ಉಳಿದದ್ದನ್ನು ಅತ್ತಿಗೆ ಬಿಡಿಸಿದರು. ಕನ್ನಡಕವಿಲ್ಲದೆ ಓದಲು ಅಮ್ಮ ಅಕ್ಷರ ದಪ್ಪ ಮಾಡಿಕೊಂಡರು. ದಪ್ಪವಾದದ್ದೇ ತಡ, ಕಾವಲು ಎಷ್ಟು ಬಿಗಿಯಾಗಿರಲಿ ಎಂದು ಕೇಳುವ ಪಟ್ಟಿಯಲ್ಲಿ ಮೊದಲನೆಯದು ಮಾತ್ರ ಪರದೆಯಲ್ಲಿ ಉಳಿಯಿತು, ಮಿಕ್ಕವು ಕೆಳಗೆ ಜಾರಿಹೋದವು. ಮೊದಲನೆಯದೇ ಎಲ್ಲಕ್ಕಿಂತ ಕಟ್ಟುನಿಟ್ಟು. ಅದನ್ನೇ ಒತ್ತಿದರು. ಗುಟ್ಟು ಹೊರಬೀಳಬಾರದೆಂದು ಸದ್ದಿಲ್ಲದೆ ಕೆಲಸ ಮಾಡು ಎಂದೂ ಹೇಳಿದರು. ಹೀಗಾಗಿ ಹೊಸ ಕಾವಲುಗಾರ ಹಿಡಿದದ್ದನ್ನೆಲ್ಲ ಬಾಯಿ ಬಿಡದೆ ಲಾಕಪ್ಪಿಗೆ ತಳ್ಳುತ್ತ ಹೋದ. ತಾನು ತಂದದ್ದಕ್ಕೂ ಗಂಡನ ರೈಲಿಗೂ ನಂಟಿದೆ ಎಂದು ಅಮ್ಮನಿಗೆ ಹೊಳೆಯಲೇ ಇಲ್ಲ.

ಅತ್ತಿಗೆ ಎರಡು ಸಲ ಒತ್ತಿ ಕ್ವಾರಂಟೈನ್ ಎಂಬ ಆ ಲಾಕಪ್ಪನ್ನು ತೆರೆದರು. ಒಳಗೆ ರೈಲಿನ ಪ್ರೋಗ್ರಾಮುಗಳೆಲ್ಲ ಸಾಲಾಗಿ ಕೂತಿದ್ದವು, ಈಗಷ್ಟೇ ಹುಟ್ಟಿದ ಸೀಟಿಯೂ ಸೇರಿ. ಬಿಡುಗಡೆ ಮಾಡಿ, ಈ ಫೋಲ್ಡರ್ ಮನೆಯವರದು ಎಂದು ಹೊಸಬನಿಗೆ ಪರಿಚಯ ಮಾಡಿಸಿದರು. ಸೀಟಿ ಕೂಗಿತು. ಎಲ್ಲರೂ ನಕ್ಕರು.

ಮಾಸ್ಟರಿಗೆ ಇನ್ನೂ ಒಂದು ಅನುಮಾನವಿತ್ತು. ಕೊನೆಗೆ ಬಿಟ್ಟಿಯದು ಒಳ್ಳೆಯದೋ ದುಡ್ಡಿನದೋ, ಅದನ್ನೂ ಹೇಳಿಬಿಡಿ ಎಂದರು. ಅತ್ತಿಗೆ ಅವಸರ ಮಾಡಲಿಲ್ಲ. ಪರರ ಗುಟ್ಟು ಇಟ್ಟುಕೊಳ್ಳುವ ಕ್ಲಿನಿಕ್ಕಿಗೆ ದುಡ್ಡು ಕೊಟ್ಟು, ಕೆಟ್ಟರೆ ಫೋನೆತ್ತುವ ಜನರಿರುವುದನ್ನು ಕೊಳ್ಳುವುದು ಲೇಸು. ನಿಮ್ಮಂತೆ ಎಚ್ಚರದಿಂದ ಬಳಸುವವರ ಮನೆಗೆ ಬಿಟ್ಟಿಯದೂ ನಡೆಯುತ್ತದೆ. ಇಬ್ಬರು ಹೇಳಿದ್ದೂ ಸರಿ, ತಂದದ್ದನ್ನು ಅವಧಿ ಮುಗಿಯುವವರೆಗೆ ಬಳಸಿ. ಆದರೆ ಯಾವುದನ್ನೇ ತನ್ನಿ, ಒಂದನ್ನೇ ತನ್ನಿ, ಅದರ ಬಾಯಿ ಕಟ್ಟಬೇಡಿ, ಮನೆಯವರ ಪರಿಚಯ ಮಾಡಿಸಿ ಎಂದರು.

ಮಾಸ್ಟರು ಎದ್ದು ಬೀರುವಿನ ಬೀಗ ತೆಗೆದರು. ಬಾವುಟ ತಂದು ಸೊಸೆಯ ಮುಂದೆ ಎರಡೂ ಕೈಯಲ್ಲಿ ಹಿಡಿದರು.

"ಆ ಹೊಸ ಕಾವಲುಗಾರನ ಮೇಲೆ ನನಗೆ ಕೋಪ ಇಲ್ಲಮ್ಮ," ಎಂದರು. "ನಾನು ಮಾಡಿದ್ದೂ ಅದೇ. ಮುಖ ಹೊಸದು ಅಂತ ಹಿಡಿದುಹಾಕಿದೆ, ಬಾಯಿಬಿಟ್ಟು ಕೇಳಲೂ ಇಲ್ಲ. ತಪ್ಪಾಯ್ತು ಮಗಳೇ."

ಅವಳು ಬಾವುಟ ತೆಗೆದುಕೊಂಡಳು. ಮೇಜಿನ ತುದಿಗೆ ಹೋಗಿ ತನ್ನ ಮಾಮೂಲು ಜಾಗದಲ್ಲಿ ನಿಂತಳು. ಮಾಸ್ಟರು ಸೀಟಿ ಬಾಯಿಗಿಟ್ಟುಕೊಂಡರು, ಮೊದಲ ಸಲ ಬರೀ ಗಾಳಿ ಬಂತು. ನನಗೂ ಕಣ್ಣು ಮಂಜಾಯಿತು.

ಭಾನುವಾರ ಆಸ್ಪತ್ರೆಗೆ ನಾವೂ ಹೋಗಿದ್ದೆವು. ಮಾಸ್ಟರ ಹೆಂಡತಿ ಎರಡು ಬಣ್ಣದ ಕಡ್ಡಿಯ ಕನ್ನಡಕ ಹಾಕಿಕೊಂಡು ಮಕ್ಕಳಿಗೆಲ್ಲ ಟೋಪಿ ತೊಡಿಸಿದರು. ಹೊಸ ಕಡ್ಡಿ ಬಂದರೂ ಅದನ್ನು ಬದಲಿಸಲು ಅವರು ಇಂದಿಗೂ ಒಪ್ಪಿಲ್ಲ. ರೈಲು ಹೊರಡುವ ಹೊತ್ತಿಗೆ ಮಕ್ಕಳು ಬಾವುಟ ನನಗೆ, ನನಗೆ ಎಂದು ಸೊಸೆಯನ್ನು ಕೂಗಿ ಕರೆದರು. ಅವಳು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಒಬ್ಬೊಬ್ಬರ ಕೈಗೂ ಕೊಟ್ಟು ಬೀಸಿಸಿದಳು. ಕೆಲಸದಲ್ಲಿದ್ದಷ್ಟು ಕಾಲ ಒಂದು ರೈಲನ್ನೂ ತಮ್ಮಿಂದಾಗಿ ತಡವಾಗಲು ಬಿಡದ ಮಾಸ್ಟರು ಅಂದು ಗಡಿಯಾರ ನೋಡಲೇ ಇಲ್ಲ. ಬಾವುಟ ಕೊನೆಯ ಹಾಸಿಗೆ ಮುಟ್ಟಿ ಸೊಸೆಯ ಕೈಗೆ ವಾಪಸು ಬರುವವರೆಗೆ ಸೀಟಿ ಹಿಡಿದು ಕಾದರು. ಆಮೇಲೆ ಅವಳು ಬೀಸಿದಳು, ರೈಲು ಹೊರಟಿತು.